ನಿಮ್ಮವ್ವಗ ಹೇಳು

ನಮ್ಮ ಅಪ್ಪ ಅವ್ವ ಒಬ್ಬರಿಗೊಬ್ಬರು ಮಾತಾಡುವುದಿಲ್ಲ ಎನ್ನುವುದು ಏನೋ ಬೇರೆ ಥರದ್ದು ಎಂದು ನನಗೆ ತಿಳಿದದ್ದು ಗೆಳತಿಯೊಬ್ಬಳ ಮನೆಗೆ ಊಟಕ್ಕೆ ಹೋದ ದಿನ. ಅವಳ ಅಪ್ಪ ನಮ್ಮ ಜೊತೆಗೇ ತಾಟಿನ ಮುಂದೆ ಕುಳಿತಿದ್ದರು. ಉಣ್ಣುತ್ತ ಉಣ್ಣುತ್ತ, ‘ಇನ್ನೊಂದ ಬಿಸಿ ರೊಟ್ಟಿ ತಾ’ ಅಂದರು. ನಾನು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಬಿಟ್ಟು ಎದ್ದು ನಿಂತೆ, ಒಳಗೆ ಹೋಗಿ ಹೇಳಿಬರಲು. ಗೆಳತಿಯ ಅವ್ವ ಅಷ್ಟರಲ್ಲಿ ರೊಟ್ಟಿ ಹಿಡಿದುಕೊಂಡು ಬಂದೇಬಿಟ್ಟಿದ್ದಳು. ನಾನು ಯಾಕೆ ಎದ್ದೆ ಎಂದು ಎಲ್ಲರೂ ಕೇಳಿದರು. ಕೈ ತೊಳೆಯಬೇಕಿತ್ತು ಎಂದೆ. ಆಗ ನನಗೆ ಒಂಬತ್ತು ವರ್ಷ. ಅದಾದ ಮೇಲೆ ಬೇರೆಯವರ ಮನೆಗಳಲ್ಲಿ ಗಂಡ ಹೆಂಡತಿ ಮಾತಾಡುವುದನ್ನು ನಾನು ಕದ್ದು ನೋಡತೊಡಗಿದೆ. ಅವರು ಜಗಳವಾಡಿದರೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮುನವಳ್ಳಿಯ ಪೇಟೆಯಲ್ಲಿ ಅಪ್ಪನದು ಹಗ್ಗದ ಅಂಗಡಿ. ಬಾವಿಯ ಹಗ್ಗ, ದನ ಕಟ್ಟುವ ಕಣ್ಣಿ, ಬಂಡಿಯ ಹೇರು ಬಿಗಿಯುವ ದಪ್ಪ ಮಿಣಿ, ಎಲ್ಲ ಸುರುಳಿ ಸುರುಳಿಯಾಗಿ ತೂಗುಬಿದ್ದಿರುತ್ತಿದ್ದವು. ಅಪ್ಪನ ಅಂಗಿಗೆ ಸದಾ ನಾರಿನ ವಾಸನೆ. ಅವ್ವ ಸರಕಾರಿ ದವಾಖಾನೆಯಲ್ಲಿ ನರ್ಸು. ಅವಳ ಮೈಗೆ ಡೆಟಾಲಿನ ವಾಸನೆ. ನಡುವೆ ಆಯಿ, ಅಂದರೆ ಅಪ್ಪನ ತಾಯಿ. ಅವಳಿಂದ ಬರುತ್ತಿದ್ದದ್ದು ವಿಭೂತಿ ಮತ್ತು ತಂಬಾಕಿನ ವಾಸನೆ. ಕಣ್ಣು ಮುಚ್ಚಿಕೊಂಡು ಮಲಗಿದ್ದರೂ ಯಾರು ಹತ್ತಿರ ಬಂದರೆಂದು ನನಗೆ ತಿಳಿಯುತ್ತಿತ್ತು. ಮನೆ ಉದ್ದಕ್ಕೆ ಕಟ್ಟಿದ್ದು. ಮೊದಲು ಪಡಸಾಲೆ, ಆಮೇಲೆ ನಡುಮನೆ, ಅದರಾಚೆ ಅಡುಗೆಮನೆ, ಕೊನೆಗೆ ಹಿತ್ತಲು. ಅಪ್ಪ ಪಡಸಾಲೆ ದಾಟಿ ಒಳಗೆ ಬರುವುದು ಸ್ನಾನಕ್ಕೆ ಮತ್ತು ಪೂಜೆಗೆ ಮಾತ್ರ. ಅವ್ವ ಪಡಸಾಲೆಗೆ ಬರುವುದು ಕೆಲಸಕ್ಕೆ ಹೊರಟಾಗ, ಚಪ್ಪಲಿ ಮೆಟ್ಟಿಕೊಳ್ಳಲು. ಉಳಿದ ವೇಳೆಯೆಲ್ಲ ಆ ಕಡೆಯಿಂದ ಈ ಕಡೆಗೆ ನಾನು ಓಡಾಡುತ್ತಿದ್ದೆ.

ಇದು ಶುರುವಾದ ದಿನ ನನಗೆ ಮಸುಕಾಗಿ ನೆನಪಿದೆ. ಅಪ್ಪನ ತಂಗಿ ನೀಲತ್ತಿಯ ನಿಶ್ಚಯಕ್ಕೆ ಕಟಕೋಳದಿಂದ ಬೀಗರು ಬಂದಿದ್ದರು. ಪಡಸಾಲೆಯ ತುಂಬ ಜಮಖಾನೆ ಹಾಸಿತ್ತು. ಅವ್ವ ಇಳಕಲ್ಲ ಸೀರೆ ಉಟ್ಟು ಹೋಳಿಗೆ ಬಡಿಸುತ್ತಿದ್ದಾಗ ದವಾಖಾನೆಯ ಆಯಾ ಓಡಿ ಬಂದು, ಹೆರಿಗೆಯ ಕೇಸು ಬಂದಿದೆ, ಕೂಸು ಅಡ್ಡ ಬಿದ್ದಿದೆ, ಡಾಕ್ಟರು ಸವದತ್ತಿಗೆ ಹೋಗಿದ್ದಾರೆ ಎಂದಳು. ಅವ್ವ ಸೀರೆ ಬದಲಿಸಿ ಬಿಳಿ ಸೀರೆ ಉಟ್ಟು, ಬೀಗರ ನಡುವೆಯೇ ಹಾದು ಹೋದಳು. ಮರಳಿ ಬಂದಾಗ ಬೀಗರು ಉಂಡು ಎದ್ದು ಹೋಗಿದ್ದರು. ಅಪ್ಪ ಪಡಸಾಲೆಯಲ್ಲಿ ನಿಂತೇ ಇದ್ದ. ಮನೆಯ ಮಂದಿ, ಓಣಿಯ ಮಂದಿ ಎಲ್ಲರೂ ಇದ್ದರು.

“ಮನಿತನದ ಮರ್ಯಾದಿಗಿಂತ ಆ ದವಾಖಾನಿ ದೊಡ್ಡದಾತೇನ ನಿನಗ? ಇವತ್ತಿನಿಂದ ನನ್ನ ಕೂಡ ಮಾತಾಡಬ್ಯಾಡ.”

“ಆತ್ರಿ” ಅಂದಳು ಅವ್ವ.

ಅಷ್ಟೇ. ಅಪ್ಪ ಸಿಟ್ಟಿನಲ್ಲಿ ಆಡಿದ ಮಾತನ್ನು ಅವ್ವ ಹಾಗೆಯೇ ಎತ್ತಿಕೊಂಡು ಒಳಗೆ ಹೋದಳು. ಎರಡು ದಿನ ಕಳೆದರೆ ಅವಳೇ ಬಂದು ಮಾತಾಡಿಸುತ್ತಾಳೆ ಎಂದು ಅವನು ಕಾದಿರಬೇಕು. ಅವನೇ ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ ಎಂದು ಅವಳು ಕಾದಿರಬೇಕು. ಎರಡು ದಿನ ಎಂಟು ದಿನವಾಯಿತು, ನೀಲತ್ತಿಯ ಲಗ್ನವಾಯಿತು, ಎರಡು ದೀಪಾವಳಿ ಹೋದವು. ಮನೆಯಲ್ಲಿ ಕೂಗಾಟವಿರಲಿಲ್ಲ, ಹೊಡೆದಾಟವಿರಲಿಲ್ಲ. ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಊಟ ಬರುತ್ತಿತ್ತು. ಅವ್ವನ ಸೈಕಲ್ಲಿನ ಗಾಲಿಗೆ ಗಾಳಿ ಯಾವಾಗಲೂ ತುಂಬಿರುತ್ತಿತ್ತು.

“ನಿಮ್ಮವ್ವಗ ಹೇಳು, ಅಂಗಿ ಗುಂಡಿ ಹರದು ಎಂಟ ದಿನ ಆತು, ಕಣ್ಣಿಗೆ ಕಾಣೂದಿಲ್ಲೇನಂತ.”

ನಾನು ಒಳಗೆ ಹೋಗಿ, “ಅವ್ವಾ, ಅಪ್ಪನ ಅಂಗಿಗೆ ಗುಂಡಿ ಹಚ್ಚಬೇಕಂತ” ಅನ್ನುತ್ತಿದ್ದೆ.

“ಅವರ ಕೈಗೆ ಏನ ಆಗೇತಂತ ಕೇಳು.”

ನಾನು ಪಡಸಾಲೆಗೆ ಬಂದು, “ಹಚ್ಚತಾಳಂತ” ಅನ್ನುತ್ತಿದ್ದೆ.

ಹೀಗೆ ಮಾತಿನ ಮುಳ್ಳು ತೆಗೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ. ಒಬ್ಬರ ಮಾತು ಎಷ್ಟೋ ಸಲ ಗೋಡೆ ದಾಟಿ ನೇರವಾಗಿಯೇ ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಆದರೂ ಇಬ್ಬರೂ ನಾನು ಹೋಗಿ ಹೇಳುವ ತನಕ ಸುಮ್ಮನಿರುತ್ತಿದ್ದರು, ನಾನು ಹೇಳಿದ್ದನ್ನೇ ನಿಜವೆಂದು ಒಪ್ಪಿಕೊಳ್ಳುತ್ತಿದ್ದರು. ಸಾಲೆಯಿಂದ ಬಂದವಳು ಪಾಟಿಚೀಲ ಇಡುವ ಮೊದಲೇ ಯಾರಾದರೊಬ್ಬರು ಕರೆಯುತ್ತಿದ್ದರು. ಇವತ್ತು ಸಾಲೆಯಲ್ಲಿ ಏನಾಯಿತು ಎಂದು ಕೇಳುವ ಪುರಸೊತ್ತು ಆ ಮನೆಗೆ ಇರಲಿಲ್ಲ.

ನನ್ನ ಐದನೆಯ ಇಯತ್ತೆಯ ಪರೀಕ್ಷೆ ಮುಗಿದು ಸೂಟಿ ಬಿಟ್ಟಿತ್ತು. ಮಧ್ಯಾಹ್ನದ ಬಿಸಿಲಿಗೆ ನಾನೂ ಆಯಿಯೂ ನಡುಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದೆವು. ಅವ್ವ ಹೊತ್ತಿಗಿಂತ ಮೊದಲೇ ಬಂದಳು. ಕೈಯಲ್ಲಿ ಕಂದು ಬಣ್ಣದ ಲಕೋಟೆಯಿತ್ತು. ಆಯಿಯ ಎದುರಿಗೆ ನೆಲದ ಮೇಲೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡಳು.

“ಅತ್ತಿ, ನನಗ ವರ್ಗಾ ಆಗೇತ್ರಿ. ಕೊಳ್ಳೇಗಾಲಕ್ಕ.”

“ಅದೆಲ್ಲಿ ಬರತೈತಿ?”

“ಮೈಸೂರಿನ ಆಚಿ ಬಾಜೂಕ್ರಿ.”

ಆಯಿಗೆ ಮೈಸೂರು ಅಂದರೆ ಪಾಕು ಮತ್ತು ರಾಜರು. ಅದರ ಆಚೆಗೂ ಊರುಗಳಿವೆ ಎಂಬುದನ್ನು ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ನನ್ನ ಕಡೆ ನೋಡಿದಳು.

“ಕೂಸು?”

“ನನ್ನ ಕೂಡ ಬರತಾಳ್ರಿ.”

ಅಪ್ಪ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ. ಪೇಪರು ಮಡಿಸಿದ ಸದ್ದು ಕೇಳಿಸಿತು. ತುಸು ಹೊತ್ತಿನ ಮೇಲೆ ನನ್ನನ್ನು ಕರೆದ.

“ನಿಮ್ಮವ್ವಗ ಕೇಳು, ಯಾವಾಗ ಹೋಗಬೇಕಂತ.”

ನಾನು ಕೇಳಿದೆ. ಇಪ್ಪತ್ತು ದಿನದಲ್ಲಿ ಅಂದಳು ಅವ್ವ. ನಾನು ಹೋಗಿ ಇಪ್ಪತ್ತು ದಿನದಲ್ಲಂತೆ ಅಂದೆ. ಅಪ್ಪ ತಾನೂ ಬರುವ ಮಾತೆತ್ತಲಿಲ್ಲ. ಅವನನ್ನು ಬಾ ಎಂದೂ ಯಾರೂ ಅನ್ನಲಿಲ್ಲ. ಅಂಗಡಿ ಬಿಟ್ಟು ಹೇಗೆ ಹೋಗುತ್ತಾನೆ ಎಂದು ಓಣಿಯವರು ತಾವೇ ಪ್ರಶ್ನೆ ಹಾಕಿ, ತಾವೇ ಉತ್ತರ ಹೇಳಿಕೊಂಡರು.

ಮರುದಿನದಿಂದ ಮನೆಯ ಕಾರಭಾರವೆಲ್ಲ ಆಯಿಯದು. ಆ ಕಡೆಯವರು ಬರೀ ಅನ್ನ ತಿನ್ನುತ್ತಾರೆ, ಜೋಳ ಕಣ್ಣಿಗೂ ಬೀಳುವುದಿಲ್ಲ ಎಂದು ಯಾರೋ ಹೇಳಿದ್ದನ್ನು ಕೇಳಿ ಅವಳಿಗೆ ದಿಗಿಲು ಬಿದ್ದಿತ್ತು. ಕಟಕೋಳದಿಂದ ನೀಲತ್ತಿಯನ್ನು ಕರೆಸಿದಳು. ಇಬ್ಬರೂ ಬೆಳಗಾಗುತ್ತಲೇ ಎರಡು ಒಲೆ ಹೂಡಿ ಜೋಳದ ರೊಟ್ಟಿ ಬಡಿಯಲು ಕುಳಿತುಕೊಳ್ಳುತ್ತಿದ್ದರು. ಬೆಂದ ರೊಟ್ಟಿಯನ್ನು ಮತ್ತೆ ಕೆಂಡದ ಬದಿಗೆ ನಿಲ್ಲಿಸಿ ಕಟಕ್ಕೆನ್ನುವ ಹಾಗೆ ಒಣಗಿಸುತ್ತಿದ್ದರು. ನಾನು ಅವನ್ನು ಒಯ್ದು ಬಿದಿರು ಬುಟ್ಟಿಯಲ್ಲಿ ಬಿಳಿ ಅರಿವೆ ಹಾಸಿ ಒಂದರ ಮೇಲೊಂದು ಪೇರಿಸುತ್ತಿದ್ದೆ. ಶೇಂಗಾದ ಹಿಂಡಿ, ಅಗಸೆಯ ಹಿಂಡಿ, ಗುರೆಳ್ಳಿನ ಹಿಂಡಿ ಎಂದು ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿಗಳನ್ನು ಕುಟ್ಟಿದರು. ಮಾಳಿಗೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಗಿ, ಮನೆಯವರೆಲ್ಲ ಸೀನಿ ಸೀನಿ ಸಾಕಾದರು. ಒಂದು ದಿನ ಶಾವಿಗೆ, ಒಂದು ದಿನ ಹಪ್ಪಳ. ಅವ್ವ ದವಾಖಾನೆಯಿಂದ ಬಂದವಳೇ ಸೆರಗು ಬಿಗಿದು ಅವರ ಜೊತೆ ಕುಳಿತುಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಅಷ್ಟು ಜನರ ಕೈ ಒಟ್ಟಿಗೆ ಆಡಿದ್ದನ್ನು, ಅಷ್ಟು ನಗೆ ಹೊರಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮನೆ ಖಾಲಿ ಮಾಡುವ ಕೆಲಸದಲ್ಲಿ ಮನೆ ತುಂಬಿಕೊಂಡಿತ್ತು. ನನ್ನನ್ನು ಮಾತ್ರ ಯಾರೂ, ಹೋಗಬೇಕನ್ನಿಸುತ್ತದೆಯೋ ಇಲ್ಲವೋ ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ನನ್ನದೇ ಮಾತು ಹೇಳುವ ರೂಢಿ ನನಗೆ ತಪ್ಪಿಹೋಗಿತ್ತು.

ಸಾಲೆಯ ದಾಖಲೆ ತರಲು ಹೋದ ದಿನ ಅದೇ ಗೆಳತಿ ಸಿಕ್ಕಳು. ನಿಮ್ಮಪ್ಪ ಬರುವುದಿಲ್ಲವೇನೇ ಎಂದು ಕೇಳಿದಳು. ಆ ಪ್ರಶ್ನೆಗೆ ಕೊಡುವ ಉತ್ತರವನ್ನು ಯಾರೂ ನನ್ನ ಕೈಯಲ್ಲಿ ಕೊಟ್ಟು ಕಳಿಸಿರಲಿಲ್ಲ. ಬರುತ್ತಾನೆ, ಆಮೇಲೆ, ಅಂದೆ.

ಪಾತ್ರೆ ತೆಗೆಯುವ ದಿನ ಆಯಿ ಅಟ್ಟದಿಂದ ಎಲ್ಲವನ್ನೂ ಇಳಿಸಿ, ಅವ್ವನನ್ನು ಎದುರಿಗೆ ಕೂರಿಸಿಕೊಂಡು ನಡುಮನೆಯಲ್ಲಿ ಹರವಿದಳು. ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ಕಂಚಿನ ತಾಟು, ಪರಾತ, ಸ್ಟೀಲಿನ ಡಬ್ಬಿಗಳು.

“ಶಕ್ಕೂ, ಇದು ನಿನ್ನ ತವರಮನಿದು, ಇದನ್ನ ಒಯ್ಯಿ. ಇದು ನಮ್ಮನಿದು. ಇದನ್ನೂ ಒಯ್ಯಿ.”

“ಅದು ನಿಮ್ಮತ್ತಿಯವರದ್ರಿ, ಬ್ಯಾಡ್ರಿ.”

“ನಾ ಏನ ಮಾಡಲಿ ಇಷ್ಟ ದೊಡ್ಡ ಹಂಡೆ ಇಟಗೊಂಡು? ಇಬ್ಬರ ಮೈಗೆ ಎಷ್ಟ ನೀರ ಬೇಕು?”

ಒಲೆಯ ಮುಂದಿದ್ದ ನೀಲತ್ತಿ ತಿರುಗಿ ನೋಡಿದಳು.

“ಅವ್ವಾ, ಹಿಂಗ ಎಲ್ಲಾ ಕಟ್ಟಿ ಕಳಸಾಕತ್ತೀಯಲ್ಲ, ವೈನಿ ತಿರುಗಿ ಬರಾಕಿ ಹೌದಲ್ಲ?”

“ನೀ ರೊಟ್ಟಿ ಹೊರಳಸು. ಹೊತ್ತಾಕತ್ತೈತಿ” ಅಂದಳು ಆಯಿ.

ಅದೇ ವಾರ ದವಾಖಾನೆಯ ಆಯಾ ಮನೆಗೆ ಬಂದಳು, ಅವ್ವನನ್ನು ಕಂಡು ಹೋಗಲು. ಒಂದು ಕುಬಸದ ಕಣ, ಎರಡು ತೆಂಗಿನಕಾಯಿ ತಂದಿದ್ದಳು. ಅವ್ವ ಚಹ ಕೊಟ್ಟಳು. ಆಯಾ ಬಸಿಗೆ ಸುರಿದುಕೊಂಡು ಊದುತ್ತ ಸಡಗರದಿಂದ ಅಂದಳು:

“ಕಡೀಕೂ ಕೇಳಿದ ಜಾಗಾನ ಸಿಕ್ತ ನೋಡ್ರಿ ಬಾಯಾರ. ಅರ್ಜಿ ಬರಿಯೂ ಮುಂದ ಅಂದಿದ್ರಲ್ಲ, ಎಷ್ಟ ದೂರ ಇದ್ರ ಅಷ್ಟ ಚಲೋ ಅಂತ.”

ಅವ್ವ ನನ್ನ ಕಡೆ ನೋಡಿದಳು. ನಾನು ಆಯಿಯ ಕಡೆ ನೋಡಿದೆ. ಆಯಿ ಹುಣಸೆಹಣ್ಣಿನ ಉಂಡೆ ಕಟ್ಟುತ್ತಿದ್ದ ಕೈ ನಿಲ್ಲಿಸದೆ, “ಚಾ ಕುಡೀವಾ, ಆರತೈತಿ” ಎಂದಳು. ಆಗ ನನಗೆ ತಿಳಿಯಿತು. ವರ್ಗ ಆದದ್ದಲ್ಲ, ಅವ್ವ ಕೇಳಿ ಪಡೆದದ್ದು. ಅದು ಆಯಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಅವಳು ರೊಟ್ಟಿ ಬಡಿದಿದ್ದಳು, ಗೊತ್ತಿದ್ದೇ ಹಂಡೆ ಇಳಿಸಿದ್ದಳು. ಆಯಾ ಹೋದ ಮೇಲೆ ಆಯಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಬಾವಿಯ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು.

“ಗಿರಿಜಾ, ಕೇಳಿದ್ದನ್ನೆಲ್ಲಾ ಅತ್ತಾಗ ಒಯ್ಯಬಾರದು.”

“ಅಪ್ಪ ಕೇಳಿದ್ರ?”

“ಅವ ಕೇಳೂದಿಲ್ಲ. ಕೇಳಾಂವ ಆಗಿದ್ರ ಇಷ್ಟ ಯಾಕ ಆಗತಿತ್ತು?” ಅಂದವಳು, ನನ್ನ ತಲೆ ಸವರಿ, “ನಿಮ್ಮವ್ವ ಈ ಮನ್ಯಾಗ ಒಣಗಿ ಹೋಗ್ಯಾಳ ಯವ್ವಾ. ಹೆತ್ತಾಕಿ ನಾನು, ಅವನ ಕಡೆ ಆಗಬೇಕು. ಆದ್ರ ಕಣ್ಣ ಅದಾವಲ್ಲ ನನಗ” ಅಂದಳು.

ಅಪ್ಪ ಕೇಳಿದ. ಎರಡೇ ದಿನದ ಮೇಲೆ, ಅಂಗಡಿಯಿಂದ ಊಟಕ್ಕೆ ಬಂದವನು ತಾಟಿನ ಮುಂದೆ ಕುಳಿತು, ಕೈ ಹಚ್ಚದೆ ಕರೆದ.

“ನಿಮ್ಮವ್ವಗ ಹೇಳು, ಬೆಳಗಾವ್ಯಾಗ ನನಗ ಗುರುತಿನವರು ಒಬ್ಬರದಾರ. ವರ್ಗಾ ನಿಲ್ಲಸಾಕ ಬರತೈತೇನ ಕೇಳು.”

ನಾನು ಅಡುಗೆಮನೆಗೆ ಹೋದೆ. ಅವ್ವ ಡಬ್ಬಿಗಳಿಗೆ ಹಿಂಡಿ ತುಂಬುತ್ತಿದ್ದಳು. ತಿರುಗಿ ನೋಡದೆ, “ಸರಕಾರದ ಹುಕುಮು, ನಿಲ್ಲೂದಿಲ್ಲಂತ ಹೇಳು” ಅಂದಳು. ನಾನು ಪಡಸಾಲೆಗೆ ಬಂದು, “ನಿಲ್ಲೂದಿಲ್ಲಂತ” ಅಂದೆ. ಮಾತಿನ ಮುಳ್ಳು ತೆಗೆದು ಒಯ್ದದ್ದು ನೂರು ಸಲ ಇದ್ದೀತು. ಸುಳ್ಳೆಂದು ಗೊತ್ತಿದ್ದೂ ಒಯ್ದದ್ದು ಅದೇ ಮೊದಲು. ಅಪ್ಪ ಹೌದೇನು ಎಂದು ತಲೆ ಆಡಿಸಿ ರೊಟ್ಟಿ ಮುರಿದ. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಬಿಸಿಲಿನಲ್ಲಿ ಆಡಿದ್ದಕ್ಕೆ ಹಾಗಾಗಿದೆ ಎಂದು ಅವ್ವ ಲಿಂಬೆ ಶರಬತ್ತು ಮಾಡಿ ಕುಡಿಸಿದಳು.

ಹೊರಡಲು ನಾಲ್ಕೈದು ದಿನ ಉಳಿದಿದ್ದಾಗ ಆಯಿ ಹಟ ಹಿಡಿದಳು. ಎಲ್ಲರೂ ಕೂಡಿ ನವಿಲುತೀರ್ಥದ ಆಣೆಕಟ್ಟಿಗೆ ಹೋಗಬೇಕು, ಮತ್ತೆ ಯಾವಾಗಲೋ ಏನೋ ಅಂತ. ಅಪ್ಪನೂ ಇಲ್ಲ ಅನ್ನಲಿಲ್ಲ, ಅವ್ವನೂ ಇಲ್ಲ ಅನ್ನಲಿಲ್ಲ. ಟೆಂಪೊದಲ್ಲಿ ಬುಟ್ಟಿ ಇಟ್ಟುಕೊಂಡು ನಾವು ನಾಲ್ವರೇ ಹೋದೆವು. ನೀಲತ್ತಿ ಊರಿಗೆ ಮರಳಿದ್ದಳು. ಬೇಸಿಗೆಯಾದ್ದರಿಂದ ನೀರು ಇಳಿದು, ಬಂಡೆಗಳ ಮೇಲೆ ಹಿಂದಿನ ನೀರಿನ ಗೆರೆ ಕಾಣುತ್ತಿತ್ತು. ಒಂದು ಬೇವಿನ ಗಿಡದ ನೆರಳಿಗೆ ಚಾದರ ಹಾಸಿದೆವು. ಅಪ್ಪ ಒಂದು ತುದಿಗೆ, ಅವ್ವ ಒಂದು ತುದಿಗೆ, ನಡುವೆ ನಾನು. ಬುಟ್ಟಿ ಬಿಚ್ಚುವ ಮೊದಲೇ ಆಯಿ ಎದ್ದು ನನ್ನ ರಟ್ಟೆ ಹಿಡಿದಳು.

“ಬಾ, ನೀರ ನೋಡಿ ಬರೋಣು.”

“ನಾ ನೋಡೇನಿ ಆಯಿ.”

“ಮತ್ತೊಮ್ಮೆ ನೋಡು.”

ಅವಳು ನನ್ನನ್ನು ಎಳೆದುಕೊಂಡು ದೂರದ ಕಟ್ಟೆಯವರೆಗೆ ಹೋದಳು. ನೀರಿನ ಕಡೆ ಬೆನ್ನು ಮಾಡಿ ಕುಳಿತು ನಾವಿಬ್ಬರೂ ಬೇವಿನ ಗಿಡವನ್ನೇ ನೋಡಿದೆವು. ಅವರಿಬ್ಬರನ್ನು ನಡುವೆ ನಾನಿಲ್ಲದೆ ಒಟ್ಟಿಗೆ ಕಂಡದ್ದು ಅದೊಂದೇ ಸಲ. ಅಪ್ಪ ಒಂದು ಕಡ್ಡಿ ಹಿಡಿದು ನೆಲ ಗೀಚುತ್ತಿದ್ದ. ಅವ್ವ ಮೊಣಕಾಲಿನ ಮೇಲೆ ಗಲ್ಲ ಊರಿದ್ದಳು. ಅಪ್ಪ ನೀರಿನ ತಂಬಿಗೆಯನ್ನು ಅವಳ ಕಡೆಗೆ ಸರಿಸಿದ. ಅವ್ವ ಎತ್ತಿ ಎರಡು ಗುಟುಕು ಕುಡಿದು, ಕೆಳಗಿಟ್ಟಳು. ಆಯಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಇನ್ನೇನು, ಇನ್ನೇನು ಎಂದು ನಾವು ಕಾದೆವು. ನೆರಳು ಸರಿದು ಚಾದರದ ಅರ್ಧಕ್ಕೆ ಬಿಸಿಲು ಬಂತು. ಹೊಟ್ಟೆ ಹಸಿದು ನಾನು ಕೈ ಕೊಸರಿಕೊಂಡೆ. ಹೋಗಿ ನೋಡಿದರೆ ಬುಟ್ಟಿಗೆ ಕಟ್ಟಿದ ಅರಿವೆ ಹಾಗೆಯೇ ಇತ್ತು.

“ಉಣ್ಣಲಿಲ್ಲೇನ ಇಬ್ಬರೂ?” ಅಂದಳು ಆಯಿ.

ಅಪ್ಪನೂ ಅವ್ವನೂ ಒಟ್ಟಿಗೇ ನನ್ನ ಕಡೆ ನೋಡಿದರು.

ಕೊನೆಯ ರವಿವಾರ ಅಪ್ಪ ಅಂಗಡಿ ತೆರೆಯಲಿಲ್ಲ. ಹೊಸ ಹಗ್ಗದ ಸುರುಳಿಗಳನ್ನು ಹೆಗಲಿಗೆ ಹಾಕಿಕೊಂಡು ಬಂದು, ಪಡಸಾಲೆಯಲ್ಲಿ ಸಾಲಾಗಿಟ್ಟಿದ್ದ ಟ್ರಂಕು, ಗೋಣಿಚೀಲ, ಹಾಸಿಗೆಯ ಸುರುಳಿಗಳ ನಡುವೆ ಕುಳಿತ. ಯಾರೂ ಅವನಿಗೆ ಕಟ್ಟಲು ಹೇಳಿರಲಿಲ್ಲ. ಒಂದೊಂದನ್ನೂ ಎರಡು ಸಲ ಸುತ್ತಿ, ಮೊಣಕಾಲು ಒತ್ತಿ ಬಿಗಿದು, ತುದಿಯನ್ನು ಒಳಗೆ ತೂರಿಸಿ ಗಂಟು ಹಾಕುತ್ತಿದ್ದ. ನಾನು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡು ಕೂಡುತ್ತಿದ್ದೆ. ಆಯಿ ಗುಡಿಗೆ ಹೋಗಿದ್ದಳು. ಅವ್ವ ಹಿತ್ತಲಿನಲ್ಲಿ ಒಣಗಿದ ಅರಿವೆ ತೆಗೆಯುತ್ತಿದ್ದಳು. ದೊಡ್ಡ ಟ್ರಂಕಿನ ಮೇಲೆ ಮೊಣಕಾಲು ಊರಿದ್ದಾಗ ಅಪ್ಪನ ಕೈ ನಿಂತಿತು.

“ಗಿರಿಜಾ.”

“ಏನಪ್ಪಾ?”

“ನಿಮ್ಮವ್ವಗ ಹೇಳು...” ಅಂದ. ಹಗ್ಗವನ್ನು ಒಂದು ಸಲ ಜಗ್ಗಿದ. “ಹೋಗೂದು ಬ್ಯಾಡಂತ ಹೇಳು.”

ನಾನು ಎದ್ದೆ. ಅವನು ಮತ್ತೆ ಅಂದ, ನನ್ನ ಮುಖ ನೋಡದೆ, “ನಾ ಹೇಳೀನಂತ ಹೇಳು.”

ಎರಡೂವರೆ ವರ್ಷದಲ್ಲಿ ಅವನು ಹಾಗೆ ಒಮ್ಮೆಯೂ ಅಂದಿರಲಿಲ್ಲ. ನಾನು ನಡುಮನೆ ದಾಟಿದೆ, ಅಡುಗೆಮನೆ ದಾಟಿದೆ. ಓಡಿಹೋಗಬೇಕಿತ್ತು. ಕಾಲು ಓಡಲಿಲ್ಲ. ಅವ್ವ ಬೇಡ ಅಂದರೆ? ನಾನು ಹೋಗಿಯೇ ತೀರುತ್ತೇನೆ ಎಂದು ಹೇಳು ಅಂದರೆ? ಆ ಮಾತನ್ನು ಹೊತ್ತುಕೊಂಡು ಮರಳಿ ಪಡಸಾಲೆಗೆ ಬರಬೇಕಾದವಳು ನಾನೇ. ಅದರ ಮುಳ್ಳು ತೆಗೆಯುವುದು ನನಗೆ ಬರುತ್ತಿರಲಿಲ್ಲ. ಟ್ರಂಕಿನ ಮೇಲೆ ಮೊಣಕಾಲೂರಿ ಕುಳಿತ ಮನುಷ್ಯನಿಗೆ ಅದನ್ನು ಹೇಳಿ, ಅವನ ಮುಖ ನೋಡಬೇಕಿತ್ತು. ಅವ್ವ ಬಾವಿಯ ಕಟ್ಟೆಯ ಮೇಲೆ ಅರಿವೆಯ ರಾಶಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಮಡಿಸುತ್ತಿರಲಿಲ್ಲ. ನನ್ನನ್ನು ನೋಡಿ ತಾನೇ ಕೇಳಿದಳು.

“ಏನವಾ? ಏನರ ಹೇಳಾಕ ಬಂದೇನು?”

“ಏನಿಲ್ಲ” ಅಂದೆ.

ಅವ್ವ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಮೇಲಿನ ಒಂದು ಲಂಗ ಎತ್ತಿಕೊಂಡು ಮಡಿಸತೊಡಗಿದಳು. ನಾನು ಹರವಿಯಿಂದ ನೀರು ಕುಡಿದು, ಕುಡಿದದ್ದು ಸಾಲದೆಂದು ಮತ್ತೆ ಕುಡಿದು, ಪಡಸಾಲೆಗೆ ಬಂದೆ. ಅಪ್ಪ ಅದೇ ಟ್ರಂಕಿನ ಮೇಲಿದ್ದ.

“ಹೇಳಿದೇನು?”

ನಾನು ತಲೆ ಆಡಿಸಿದೆ.

“ಏನಂದ್ಲು?”

“ಏನೂ ಅನ್ನಲಿಲ್ಲ.”

ಅಪ್ಪ ಹಗ್ಗದ ತುದಿಯನ್ನು ಒಳಗೆ ತೂರಿಸಿ, ಜಗ್ಗಿ, ಗಂಟು ಹಾಕಿದ. ಆಮೇಲೆ ಮುಂದಿನ ಚೀಲ ಎಳೆದುಕೊಂಡ. ಮತ್ತೆಂದೂ ಅವನು ಆ ಮಾತು ಎತ್ತಲಿಲ್ಲ. ಸಂಜೆ ಹೇಳಿದರಾಯಿತು ಅಂದುಕೊಂಡೆ. ಸಂಜೆ ಓಣಿಯ ಹೆಂಗಸರು ಬಂದು ಅವ್ವನಿಗೆ ಉಡಿ ತುಂಬಿದರು. ಮರುದಿನ ಹೇಳಿದರಾಯಿತು ಅಂದುಕೊಂಡೆ. ಮರುದಿನ ಬೆಳಿಗ್ಗೆ ಧಾರವಾಡದ ಬಸ್ಸು.

ಆಯಿ ಹೊಸ್ತಿಲು ದಾಟಲಿಲ್ಲ. ಬಸ್ಸು ಹೋಗುವುದನ್ನು ನೋಡುವುದು ತನ್ನಿಂದ ಆಗುವುದಿಲ್ಲ ಎಂದಳು. ಅವ್ವ ಕಾಲಿಗೆ ಬಿದ್ದಾಗ ಎತ್ತಿ, ಕಿವಿಯ ಹತ್ತಿರ ಏನೋ ಹೇಳಿದಳು. ಅಪ್ಪ ಬಸ್ಸಿನ ಮೇಲೆ ಹತ್ತಿ ಸಾಮಾನೆಲ್ಲ ತಾನೇ ಜೋಡಿಸಿ, ಒಂದೊಂದು ಕಟ್ಟನ್ನೂ ಅಲುಗಾಡಿಸಿ ನೋಡಿ ಇಳಿದ. ಕಂಡಕ್ಟರು, “ಯಜಮಾನ್ರ, ನೀವೂ ಬರಾವ್ರೇನ್ರಿ?” ಅಂದ. ಇಲ್ಲ ಎಂದು ಕೈ ಆಡಿಸಿದ. ಕಿಟಕಿಯ ಹತ್ತಿರ ಬಂದು, ಕಾಗದ ಬರಿ ಎಂದು ನನಗೆ ಹೇಳಿದ. ಅವ್ವ ನನ್ನ ಪಕ್ಕದಲ್ಲಿಯೇ ಇದ್ದಳು. ಅವನ ಮುಖಕ್ಕೂ ಅವಳ ಮುಖಕ್ಕೂ ನಡುವೆ ಇದ್ದದ್ದು ನನ್ನ ತಲೆಯೊಂದೇ. ಬಸ್ಸು ಹೊರಟಿತು.

ಕೊಳ್ಳೇಗಾಲದಲ್ಲಿ ಆಸ್ಪತ್ರೆಯ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸು ನಮಗೆ ಸಿಕ್ಕಿತು. ಅಪ್ಪ ಹಾಕಿದ ಗಂಟುಗಳನ್ನು ಬಿಚ್ಚಲು ಅವ್ವನಿಗೆ ಎರಡು ದಿನ ಹಿಡಿಯಿತು. ಉಗುರಿನಿಂದ, ಚಮಚದ ಹಿಡಿಯಿಂದ, ಕೊನೆಗೆ ಹಲ್ಲಿನಿಂದ. ಪಕ್ಕದ ಮನೆಯ ಹೆಂಗಸು ಕುಡುಗೋಲು ತಂದು, ಯಾಕಕ್ಕ ಒದ್ದಾಡ್ತೀರ, ಕುಯ್ದಾಕಿ ಅತ್ಲಾಗೆ ಎಂದಳು. “ಬ್ಯಾಡ್ರಿ, ಬಿಚ್ಚತಾವು” ಅಂದಳು ಅವ್ವ. ಬಿಚ್ಚಿದ ಹಗ್ಗಗಳನ್ನು ಸುತ್ತಿ ಮಂಚದ ಕೆಳಗೆ ಇಟ್ಟಳು.

ಆ ಊರಿನಲ್ಲಿ ನನ್ನ ಮಾತಿಗೆ ಹುಡುಗಿಯರು ನಗುತ್ತಿದ್ದರು. ನಾನು ‘ಯಾಕ್ರಿ’ ಅಂದರೆ ಇಡೀ ವರ್ಗವೇ ‘ಯಾಕ್ರೀ’ ಅನ್ನುತ್ತಿತ್ತು. ಹೀಗಾಗಿ ಸಾಲೆಯಲ್ಲಿ ಮಾತು ಕಡಿಮೆಯಾಯಿತು. ಮನೆಯಲ್ಲಿ ಒಯ್ಯುವ ಮಾತೂ ಇರಲಿಲ್ಲ, ತರುವ ಮಾತೂ ಇರಲಿಲ್ಲ. ಅವ್ವ ನೇರವಾಗಿ ನನ್ನನ್ನೇ ಮಾತಾಡಿಸಿದರೆ ನಾನು ಬೆಚ್ಚುತ್ತಿದ್ದೆ. ಏನು ಬೇಕು ನಿನಗ ಎಂದು ಅವಳು ಕೇಳಿದರೆ, ಇದನ್ನು ಯಾರಿಗೆ ಹೋಗಿ ಹೇಳಬೇಕು ಎಂದು ಒಂದು ಕ್ಷಣ ತಡಕಾಡುತ್ತಿದ್ದೆ. ಅವಳಿಗೆ ಡ್ಯೂಟಿ ಇದ್ದ ದಿನ ಸಾಲೆಯಿಂದ ಬಂದು ಬೀಗ ತೆಗೆದು, ಆಯಿ ಬಡಿದ ರೊಟ್ಟಿಗೆ ಹಿಂಡಿ, ಎಣ್ಣೆ ಹಚ್ಚಿಕೊಂಡು ಒಬ್ಬಳೇ ಕುಳಿತು ತಿನ್ನುತ್ತಿದ್ದೆ. ಕಟಕಟ ಎನ್ನುವ ಆ ಸದ್ದು ಖಾಲಿ ಕೋಣೆಯಲ್ಲಿ ದೊಡ್ಡದಾಗಿ ಕೇಳಿಸುತ್ತಿತ್ತು. ಮಳೆಗಾಲದಲ್ಲಿ ರೊಟ್ಟಿ ಮುಗಿದವು. ಅಪ್ಪನ ಕಾರ್ಡು ತಿಂಗಳಿಗೊಂದು ನನ್ನ ಹೆಸರಿಗೆ ಬರುತ್ತಿತ್ತು. ಕೊನೆಯ ಸಾಲು ಪ್ರತಿ ಸಲ ಒಂದೇ, ‘ನಿಮ್ಮ ತಾಯಿಯ ಆರೋಗ್ಯ ತಿಳಿಸುವುದು.’ ಅವ್ವ ಓದುತ್ತಿರಲಿಲ್ಲ. ಕಾರ್ಡು ಮಾತ್ರ ನಾನು ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ, ಒಂದು ಗೇಣು ಆಚೆಗೆ ಇರುತ್ತಿತ್ತು.

ಸೂಟಿಗೆ ನಾನೊಬ್ಬಳೇ ಮುನವಳ್ಳಿಗೆ ಹೋಗಿ ಬರುತ್ತಿದ್ದೆ. ಆಯಿ ತೀರಿಕೊಂಡ ವರ್ಷ ಅವ್ವನೂ ಬಂದಳು, ಐದು ದಿನ ಇದ್ದಳು. ನಾನು ಹತ್ತನೆಯ ಇಯತ್ತೆ. ಮಾತು ಒಯ್ಯುವ ವಯಸ್ಸು ದಾಟಿತ್ತು. ಅವರೂ ನನ್ನನ್ನು ಕರೆಯಲಿಲ್ಲ. ಹಾಗಾಗಿ ಆ ಐದು ದಿನ ಮನೆಯಲ್ಲಿ ಒಂದೂ ಮಾತು ಆ ಕಡೆ ಈ ಕಡೆ ಹೋಗಲಿಲ್ಲ. ಅಪ್ಪ ಹೋದದ್ದು ನನಗೆ ನೌಕರಿ ಸಿಕ್ಕ ವರ್ಷ, ಅಂಗಡಿಯಲ್ಲಿ ಕುಳಿತಲ್ಲಿಯೇ. ನಾವು ಮುಟ್ಟುವಷ್ಟರಲ್ಲಿ ಊರವರು ಅವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಅವ್ವ ಹತ್ತಿರ ಹೋಗಿ, ಅವನ ಅಂಗಿಯ ಗುಂಡಿ ಸರಿಮಾಡಿ, ಬದಿಗೆ ಕುಳಿತಳು. ಹೆಂಗಸರು ಅವಳನ್ನು ಅಳಿಸಲು ನೋಡಿದರು. ಅವಳು ಅಳಲೂ ಇಲ್ಲ, ಏನೂ ಅನ್ನಲೂ ಇಲ್ಲ.

ಈಗ ಅವ್ವ ಮೈಸೂರಿನಲ್ಲಿ ನನ್ನ ಜೊತೆಗಿದ್ದಾಳೆ. ಮೊಣಕಾಲು ಹಿಡಿದುಕೊಂಡಿವೆ, ಕಿವಿ ಚುರುಕಾಗಿಯೇ ಇವೆ. ನನ್ನ ಮಕ್ಕಳು ದೊಡ್ಡವರಾಗಿದ್ದಾರೆ. ಊಟಕ್ಕೆ ಏನು ಮಾಡಲಿ ಎಂದು ನನ್ನ ಗಂಡ ಕೇಳಿದರೆ, ಮಕ್ಕಳಿಗೆ ಇದು ಬೇಕಂತೆ ಎಂದು ಇಂದಿಗೂ ಹೇಳುತ್ತೇನೆ. ನಿನಗೇನು ಬೇಕು ಎಂದು ಅವರು ಮತ್ತೆ ಕೇಳಬೇಕಾಗುತ್ತದೆ. ಹೋದ ವರ್ಷ ಒಂದು ಮಧ್ಯಾಹ್ನ ನಾನೂ ಅವ್ವನೂ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದೆವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇನ್ನು ಹೇಳದಿದ್ದರೆ ಇಬ್ಬರಲ್ಲಿ ಒಬ್ಬರು ಉಳಿಯುವುದಿಲ್ಲ ಅನ್ನಿಸಿತು. ಹೇಳಿದೆ. ನಾವು ಹೊರಡುವ ಮುಂಚಿನ ದಿನ ಅಪ್ಪ ನಿನಗೆ ಒಂದು ಮಾತು ಹೇಳಿ ಕಳಿಸಿದ್ದ, ನಾನು ಮುಟ್ಟಿಸಲಿಲ್ಲ ಎಂದೆ.

ಅವ್ವನ ಕೈ ಸೊಪ್ಪಿನಲ್ಲಿಯೇ ಇತ್ತು.

“ಗೊತ್ತೈತಿ.”

“ಏನ ಗೊತ್ತೈತಿ?”

“ಹೋಗೂದು ಬ್ಯಾಡ ಅಂದ್ರು. ಕೇಳಿತ್ತು ನನಗ. ಅರವಿ ಹಿಡಕೊಂಡು ನಡುಮನಿ ಬಾಗಲ ಹಿಂದ ನಿಂತಿದ್ನಿ. ನೀ ಏಳೂದಕ್ಕ ತಿರುಗಿ ಹಿತ್ತಲಕ್ಕ ಹೋಗಿ ಕುಂತ್ನಿ. ನೀ ಬಂದು ಹೇಳತಿ ಅಂತ ದಾರಿ ನೋಡಿದ್ನಿ.”

“ಹೇಳಿದ್ರ ಏನ ಅಂತಿದ್ದಿ ಅವ್ವಾ?”

“ಏನ ಅಂತಿದ್ನೋ ಏನೋ. ಈಗ ಹೆಂಗ ಹೇಳಲಿ?” ಅವಳು ಒಂದು ದಂಟು ಮುರಿದು ಬದಿಗಿಟ್ಟಳು. “ನೀ ಏನಿಲ್ಲ ಅಂದಿ. ಆಗ ಗೊತ್ತಾತು ನನಗ, ಈ ಕೂಸಿಗೂ ಆ ಮನಿ ಸಾಕಾಗೇತಿ ಅಂತ. ಅದಕ್ಕ ಹೊಂಟ್ನಿ. ಇಲ್ಲಂದ್ರ ನನಗ ಎಲ್ಲಿದು ಧೈರ್ಯ?”

ಆ ಮನೆ ನನಗೆ ಸಾಕಾಗಿರಲಿಲ್ಲ. ಕೊಳ್ಳೇಗಾಲದ ಆ ಕೋಣೆಯಲ್ಲಿ ಎಷ್ಟು ಸಂಜೆ ನಾನು ಗೋಡೆಯ ಕಡೆ ತಿರುಗಿ, ಮುನವಳ್ಳಿಯ ಮನೆಯ ಒಂದೊಂದೇ ಬಾಗಿಲು ದಾಟಿ ಹಿತ್ತಲವರೆಗೆ ಹೋಗಿ ಬರುತ್ತಿದ್ದೆ ಎಂಬುದು ಅವಳಿಗೆ ಗೊತ್ತಿಲ್ಲ. ಪಡಸಾಲೆಗೆ ಮರಳಿ ಹೋಗಿ ಅಪ್ಪನಿಗೆ ನಾನು ಏನು ಹೇಳಿದೆ ಎಂಬುದೂ ಗೊತ್ತಿಲ್ಲ. ಅವಳು ಅಷ್ಟರೊಳಗೆ ಹಿತ್ತಲಿನಲ್ಲಿದ್ದಳು, ಆ ಮಾತು ಅವಳಿಗೆ ಕೇಳಿಸಿರಲಿಕ್ಕಿಲ್ಲ. ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಎಪ್ಪತ್ತೆಂಟು ವರ್ಷದ ಅವ್ವ ಮುಖ ಎತ್ತಿ ನನ್ನ ಕಣ್ಣನ್ನೇ ನೋಡುತ್ತಿದ್ದಳು.

“ಸಾಕಾಗಿತ್ತಲ್ಲ ನಿನಗ?”

“ಹೌದವ್ವಾ” ಅಂದೆ. “ಸಾಕಾಗಿತ್ತು.”

ಅವಳು ತಲೆ ಆಡಿಸಿ, ಇನ್ನೊಂದು ಕಟ್ಟು ಸೊಪ್ಪನ್ನು ಹತ್ತಿರಕ್ಕೆ ಎಳೆದುಕೊಂಡಳು.